ಮೂರು ಕ್ಯಾಲೆಂಡರ್ ಸೇರಿಸಿ ಪುರುಸೊತ್ತು ಹುಡುಕುವ ಸ್ಕ್ರಿಪ್ಟ್: ಕೆಲಸ ಇರುವ ಹೊತ್ತನ್ನೂ ಖಾಲಿ ಅಂತ ತೋರಿಸ್ತದೆ

ಕಾಪು_ದೀಪ:

ಪೈಥಾನ್‌ನಲ್ಲಿ ಒಂದು ಸಣ್ಣ ಸ್ಕ್ರಿಪ್ಟ್ ಉಂಟು. ಮೂರು ಕ್ಯಾಲೆಂಡರ್‌ಗಳ ಐಸಿಎಸ್ ಫೈಲ್ (ಕಾರ್ಯಕ್ರಮಗಳನ್ನೆಲ್ಲ ಪಠ್ಯವಾಗಿ ಬರೆದಿಟ್ಟ ಫೈಲ್) ಇಳಿಸಿಕೊಂಡು, ಮುಂದಿನ ಹದಿನಾಲ್ಕು ದಿನಗಳಲ್ಲಿ ಬೆಳಿಗ್ಗೆ 6ರಿಂದ ರಾತ್ರಿ 9ರ ಒಳಗೆ ಕನಿಷ್ಠ 45 ನಿಮಿಷ ಬಿಡುವಿರುವ ಹೊತ್ತುಗಳನ್ನು ಪಟ್ಟಿ ಮಾಡಬೇಕು. ಆ ಪಟ್ಟಿಯನ್ನು ಹಾಗೇ ವಾಟ್ಸಾಪಿಗೆ ಹಾಕುವ ಉದ್ದೇಶ.

ಕ್ಯಾಲೆಂಡರ್‌ಗಳಲ್ಲಿ ಒಂದು ಮಂಗಳೂರಿನ ಆಫೀಸಿನದ್ದು, ಔಟ್‌ಲುಕ್‌ನಿಂದ ಪಬ್ಲಿಶ್ ಮಾಡಿದ ಲಿಂಕ್. ಇನ್ನೆರಡು ಗೂಗಲ್‌ನವು: ಒಂದು ಸ್ವಂತದ್ದು, ಇನ್ನೊಂದು ಚೆಂಡೆ–ಮದ್ದಳೆ ತರಗತಿ ಮತ್ತು ಯಕ್ಷಗಾನದ ಆಟದ್ದು. ತರಗತಿಗಳಲ್ಲಿ ಕೆಲವು ಉಡುಪಿಯಲ್ಲಿ ನೇರವಾಗಿ, ಕೆಲವು ದುಬೈ ಮತ್ತು ದೋಹಾದ ಮಕ್ಕಳಿಗೆ ಆನ್‌ಲೈನ್.

ಈಗ ಬರುವ ತಪ್ಪುಗಳು ಇವು.

ಬುಧವಾರ 9ರಿಂದ 1ರ ತನಕ ಟ್ರೈನಿಂಗ್, ಅದರ ನಡುವೆಯೇ 10ರಿಂದ 10:30ಕ್ಕೆ ಒಂದು ಕಾಲ್. ಸ್ಕ್ರಿಪ್ಟ್ 10:30ರಿಂದ ಮುಂದೆ ಖಾಲಿ ಅಂತದೆ.

ಶುಕ್ರವಾರ ಬೆಳಿಗ್ಗೆ 5ರಿಂದ 7ರವರೆಗೆ ಹಾಕಿದ ಕಾರ್ಯಕ್ರಮ ಗುರುವಾರದ ಲೆಕ್ಕಕ್ಕೆ ಹೋಗ್ತದೆ, ಶುಕ್ರವಾರ 6ಕ್ಕೆ ಬಿಡುವು ಅಂತ ಬರ್ತದೆ.

ಯಾರದ್ದಾದರೂ ಹುಟ್ಟುಹಬ್ಬ ಇದ್ದರೆ ಆ ದಿನ ಬೆಳಿಗ್ಗೆ 5:30ರಿಂದ ಮರುದಿನ 5:30ರವರೆಗೆ ಪೂರ್ತಿ ಬ್ಯುಸಿ.

ಮಂಗಳವಾರದ ವಾರದ ತರಗತಿಯನ್ನು ಒಂದು ಸಲಕ್ಕೆ ಗುರುವಾರಕ್ಕೆ ಸರಿಸಿದರೆ ಎರಡೂ ದಿನ ಬ್ಯುಸಿ.

ಶನಿವಾರ ರಾತ್ರಿ 9:30ಕ್ಕೆ ಶುರುವಾಗಿ ಭಾನುವಾರ 6:30ಕ್ಕೆ ಮುಗಿಯುವ ಆಟ ಭಾನುವಾರದ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ಎಲ್ಲಿಂದ ಸರಿಪಡಿಸ್ತಾ ಬರಬೇಕು? ಮಂಗಳೂರು–ಉಡುಪಿ ಪ್ರಯಾಣದ ಹೊತ್ತನ್ನು ಇದಕ್ಕೆ ಹೇಗೆ ಸೇರಿಸುವುದು?


ಮಣಿಪಾಲ_ಪೈಥಾನ್:

ನೀವು ಕೊಟ್ಟ ಐದು ಲಕ್ಷಣಗಳಿಗೂ ಬೇರೆ ಬೇರೆ ಕಾರಣ ಉಂಟು. ಒಂದೊಂದಾಗಿ ತೇಪೆ ಹಾಕುವುದಕ್ಕಿಂತ ಕೆಲಸದ ಕ್ರಮವನ್ನೇ ಸರಿ ಮಾಡಿಕೊಳ್ಳಿ. ಮೊದಲು ಫೈಲ್ ಓದಿ, ಮರುಕಳಿಸುವ ಕಾರ್ಯಕ್ರಮಗಳನ್ನು ಬಿಡಿಸಿ, ಎಲ್ಲವನ್ನೂ ಭಾರತದ ಸಮಯಕ್ಕೆ ತನ್ನಿ. ಅನಂತರ ಬೇಡದ್ದನ್ನು ತೆಗೆದು, ಉಳಿದದ್ದನ್ನು ಒಂದೇ ಪಟ್ಟಿಗೆ ಹಾಕಿ ಸಾರ್ಟ್ ಮಾಡಿ, ಕೂಡಿಸಿ. ನಡುವಿನ ಅಂತರ ತೆಗೆಯುವುದು ಕೊನೆಗೆ. ಮೂರು ಕ್ಯಾಲೆಂಡರಿಗೆ ಮೂರು ಸಲ ಬಿಡುವು ತೆಗೆದು ಮತ್ತೆ ಅವನ್ನು ಹೊಂದಿಸಲು ಹೋಗಬೇಡಿ. ಉತ್ತರ ಅದೇ ಬರ್ತದೆ, ಆದರೆ ತಪ್ಪು ಅಡಗಿ ಕೂರಲು ಜಾಗ ಜಾಸ್ತಿ.

ಬುಧವಾರದ್ದು ತೀರಾ ಸಾಮಾನ್ಯವಾದ ತಪ್ಪು. ನಿಮ್ಮ ಲೂಪ್ ಹಿಂದಿನ ಕಾರ್ಯಕ್ರಮ ಮುಗಿಯುವ ಸಮಯವನ್ನು ನೋಡ್ತಾ ಇದೆ. ನೋಡಬೇಕಾದ್ದು ಈವರೆಗೆ ಬಂದ ಎಲ್ಲದರಲ್ಲಿ ಅತಿ ತಡವಾಗಿ ಮುಗಿಯುವುದು. ಶುರುವಿನ ಸಮಯದ ಮೇಲೆ ಸಾರ್ಟ್ ಮಾಡಿದ ಮೇಲೆ ‘ಎಲ್ಲಿಯವರೆಗೆ ಬ್ಯುಸಿ’ ಅನ್ನುವ ಒಂದು ವೇರಿಯೇಬಲ್ ಇಡಿ. ಟ್ರೈನಿಂಗ್ ಬಂದಾಗ ಅದು 1 ಗಂಟೆ ಆಗ್ತದೆ. ಅನಂತರ 10:30ಕ್ಕೆ ಮುಗಿಯುವ ಕಾಲ್ ಬಂದರೆ ಅದನ್ನು ಹಿಂದಕ್ಕೆ ಎಳೆಯಬಾರದು, ಎರಡರಲ್ಲಿ ದೊಡ್ಡದನ್ನೇ ಉಳಿಸಬೇಕು. ಮುಂದಿನ ಕಾರ್ಯಕ್ರಮದ ಶುರು ಈ ವೇರಿಯೇಬಲ್‌ಗಿಂತ ದೊಡ್ಡದಾಗಿದ್ದರೆ ಮಾತ್ರ ನಡುವೆ ಬಿಡುವು. ಸಮ ಇದ್ದರೆ ಬಿಡುವಲ್ಲ: 10ರಿಂದ 11, 11ರಿಂದ 12 ಒಂದಕ್ಕೊಂದು ತಾಗಿಕೊಂಡಿವೆ, ಸೊನ್ನೆ ನಿಮಿಷದ ಸ್ಲಾಟ್ ಹುಟ್ಟಬಾರದು. ಶುರುವಿನ ಕ್ಷಣ ಒಳಗೆ, ಮುಗಿಯುವ ಕ್ಷಣ ಹೊರಗೆ ಎಂಬ ನಿಯಮವನ್ನು ಇಡೀ ಸ್ಕ್ರಿಪ್ಟಿನಲ್ಲಿ ಬದಲಿಸದೆ ಇಟ್ಟುಕೊಳ್ಳಿ.

ಶುಕ್ರವಾರದ್ದು ಯುಟಿಸಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯದ, ಸಮಸ್ಯೆ. ಗೂಗಲ್ ತನ್ನ ಐಸಿಎಸ್‌ನಲ್ಲಿ ಒಂದೇ ಸಲದ ಕಾರ್ಯಕ್ರಮಗಳನ್ನು ಕೊನೆಯಲ್ಲಿ ಝಡ್ ಅಕ್ಷರ ಹಾಕಿ ಯುಟಿಸಿಯಲ್ಲಿ ಬರೀತದೆ, ಮರುಕಳಿಸುವವನ್ನು ಟೈಮ್‌ಝೋನ್ ಹೆಸರಿನ ಜೊತೆ ಬರೀತದೆ. ಶುಕ್ರವಾರ ಬೆಳಿಗ್ಗೆ 5 ಗಂಟೆ ಅಂದರೆ ಯುಟಿಸಿಯಲ್ಲಿ ಗುರುವಾರ ರಾತ್ರಿ 11:30. ನೀವು ಪರಿವರ್ತನೆಗೆ ಮೊದಲೇ ದಿನಾಂಕ ನೋಡಿ ಗುಂಪು ಮಾಡ್ತಿದ್ದೀರಿ, ಹಾಗಾಗಿ ಮಧ್ಯರಾತ್ರಿಯಿಂದ ಬೆಳಿಗ್ಗೆ 5:30ರ ಒಳಗೆ ಶುರುವಾಗುವುದೆಲ್ಲ ಹಿಂದಿನ ದಿನಕ್ಕೆ ಜಾರ್ತದೆ. ಮೊದಲು ಏಷ್ಯಾ/ಕೋಲ್ಕತಾಕ್ಕೆ ತನ್ನಿ, ದಿನಾಂಕ ಆಮೇಲೆ. ಅದಕ್ಕೆ ಬೇಕಾದ ಟೈಮ್‌ಝೋನ್ ಲೈಬ್ರರಿ ಝೋನ್‌ಇನ್ಫೊ ಪೈಥಾನ್ 3.9ರಿಂದ ಜೊತೆಗೇ ಬರ್ತದೆ. ವಿಂಡೋಸ್ ಆದರೆ ಟಿಝಡ್‌ಡೇಟಾ ಪ್ಯಾಕೇಜನ್ನು ಬೇರೆಯಾಗಿ ಇನ್‌ಸ್ಟಾಲ್ ಮಾಡಬೇಕು, ಇಲ್ಲವಾದರೆ ಆ ಹೆಸರೇ ಗೊತ್ತಿಲ್ಲ ಅಂತ ಎರರ್ ಕೊಡ್ತದೆ.

ಹುಟ್ಟುಹಬ್ಬದ 5:30 ಕೂಡ ಇದರ ಬಳಗವೇ. ಇಡೀ ದಿನದ ಕಾರ್ಯಕ್ರಮಕ್ಕೆ ಗಂಟೆ ಇರುವುದಿಲ್ಲ, ಬರೀ ದಿನಾಂಕ. ಅದನ್ನು ಯುಟಿಸಿ ಮಧ್ಯರಾತ್ರಿ ಅಂತ ಓದಿದರೆ ಇಲ್ಲಿ 5:30 ಆಗ್ತದೆ. ಬರೀ ದಿನಾಂಕ ಬಂದರೆ ನೇರ ನಮ್ಮ ಮಧ್ಯರಾತ್ರಿಗೇ ಕೂರಿಸಿ. ಮುಗಿಯುವ ದಿನಾಂಕ ಲೆಕ್ಕಕ್ಕಿಲ್ಲ ಅನ್ನುವುದೂ ನೆನಪಿರಲಿ: 17 ಮತ್ತು 18ರಂದು ರಜೆ ಹಾಕಿದರೆ ಫೈಲಿನಲ್ಲಿ ಡಿಟಿಎಂಡ್ 19 ಅಂತ ಇರ್ತದೆ, 19ರಂದು ನೀವು ಬಿಡುವೇ.

ಆದರೆ ಹುಟ್ಟುಹಬ್ಬಕ್ಕೆ ದಿನವಿಡೀ ಬ್ಯುಸಿ ಯಾಕೆ ಆಗಬೇಕು? ಟ್ರಾನ್ಸ್‌ಪ್ ಎಂಬ ಸಾಲನ್ನು ಸ್ಕ್ರಿಪ್ಟ್ ಓದುತ್ತಿಲ್ಲ. ಅದರಲ್ಲಿ ಟ್ರಾನ್ಸ್‌ಪರೆಂಟ್ ಅಂತ ಇದ್ದರೆ ಆ ಕಾರ್ಯಕ್ರಮ ಸಮಯ ಹಿಡಿಯುವುದಿಲ್ಲ ಎಂದರ್ಥ, ಬಿಟ್ಟುಬಿಡಿ. ಒಪೇಕ್ ಇದ್ದರೆ ಬ್ಯುಸಿ. ಸಾಲೇ ಇಲ್ಲದಿದ್ದರೂ ಬ್ಯುಸಿ ಅಂತಲೇ ಐಸಿಎಸ್‌ನ ನಿಯಮಾವಳಿ ಆರ್‌ಎಫ್‌ಸಿ 5545 ಹೇಳ್ತದೆ. ಇದರ ಜೊತೆಗೆ ಸ್ಟೇಟಸ್ ಕ್ಯಾನ್ಸಲ್ಡ್ ಇದ್ದದ್ದನ್ನು ತೆಗೆಯಿರಿ. ನೀವು ಬರುವುದಿಲ್ಲ ಎಂದ ಆಹ್ವಾನವನ್ನೂ ತೆಗೆಯಿರಿ. ಅದು ನಿಮ್ಮ ವಿಳಾಸದ ಅಟೆಂಡೀ ಸಾಲಿನಲ್ಲಿ ಡಿಕ್ಲೈನ್ಡ್ ಅಂತ ಇರ್ತದೆ. ಟೆಂಟೆಟಿವ್ ಇದ್ದದ್ದನ್ನು ಮಾತ್ರ ಬ್ಯುಸಿ ಅಂತಲೇ ಇಡಿ. ಬಿಡುವನ್ನು ಬ್ಯುಸಿ ಅಂದರೆ ಒಂದು ಸ್ಲಾಟ್ ಹೋಗ್ತದೆ ಅಷ್ಟೆ. ಬ್ಯುಸಿಯನ್ನು ಬಿಡುವು ಅಂದರೆ ಇಬ್ಬರಿಗೆ ಒಂದೇ ಹೊತ್ತು ಕೊಟ್ಟ ಹಾಗೆ. ಸಂಶಯ ಬಂದ ಕಡೆಯೆಲ್ಲ ಬ್ಯುಸಿ ಕಡೆಗೇ ವಾಲಲಿ.

ಮಂಗಳವಾರದ ತರಗತಿ: ಸರಿಸಿದ ಒಂದು ದಿನ ಫೈಲಿನಲ್ಲಿ ಬೇರೆಯೇ ಕಾರ್ಯಕ್ರಮವಾಗಿ ಬರ್ತದೆ. ಯುಐಡಿ (ಕಾರ್ಯಕ್ರಮದ ಗುರುತು) ಅದೇ, ಜೊತೆಗೆ ‘ರಿಕರೆನ್ಸ್-ಐಡಿ’ ಎಂಬ ಸಾಲಿನಲ್ಲಿ ಮೂಲ ಮಂಗಳವಾರದ ದಿನಾಂಕ. ಅದನ್ನು ನೋಡಿ ಮೂಲ ಸರಣಿಯಿಂದ ಆ ಮಂಗಳವಾರವನ್ನು ತೆಗೆಯಬೇಕು. ರದ್ದಾದ ದಿನಗಳು ಎಕ್ಸ್‌ಡೇಟ್ ಸಾಲಿನಲ್ಲಿ. ಇದನ್ನೆಲ್ಲ ಕೈಯಾರೆ ಬರೆಯಬೇಡಿ ಮಾರಾಯ್ರೆ. ‘ಐಕ್ಯಾಲೆಂಡರ್’ ಮತ್ತು ‘ರಿಕರಿಂಗ್-ಐಕಲ್-ಇವೆಂಟ್ಸ್’ ಎಂಬ ಎರಡು ಲೈಬ್ರರಿ ಇನ್‌ಸ್ಟಾಲ್ ಮಾಡಿ, ಎರಡನೆಯದಕ್ಕೆ ಶುರು–ಕೊನೆಯ ದಿನ ಕೊಟ್ಟರೆ ಸರಿಸಿದ್ದು, ರದ್ದಾದದ್ದು ಎಲ್ಲ ಲೆಕ್ಕ ಹಾಕಿ ಬಿಡಿಸಿ ಕೊಡ್ತದೆ. ಸರಣಿಯನ್ನು ಅದರದ್ದೇ ಟೈಮ್‌ಝೋನ್‌ನಲ್ಲಿ ಬಿಡಿಸಿದ ಮೇಲೆ ನಮ್ಮ ಸಮಯಕ್ಕೆ ತರಬೇಕು, ಮೊದಲೇ ತರಬಾರದು. ದುಬೈ, ದೋಹಾಕ್ಕೆ ವ್ಯತ್ಯಾಸ ಕಾಣದು, ಅಲ್ಲಿ ಗಡಿಯಾರ ಬದಲಿಸುವ ಪದ್ಧತಿ ಇಲ್ಲ. ಲಂಡನ್‌ನ ಒಬ್ಬ ಹುಡುಗ ಸೇರಿದ ದಿನ ಮಾತ್ರ ಗೊತ್ತಾಗ್ತದೆ: ಮಾರ್ಚಿನ ಕೊನೆಯ ಭಾನುವಾರದಿಂದ ಅಕ್ಟೋಬರಿನ ಕೊನೆಯ ಭಾನುವಾರದವರೆಗೆ ನಮಗೂ ಅವರಿಗೂ ನಾಲ್ಕೂವರೆ ಗಂಟೆ, ಉಳಿದ ತಿಂಗಳು ಐದೂವರೆ.

ಆಟದ್ದು ಸುಲಭ. ‘ಇವತ್ತು ಶುರುವಾಗುವುದು’ ಅಂತ ಫಿಲ್ಟರ್ ಮಾಡಿದ್ದೀರಿ. ಬೇಕಾದ್ದು ‘ಇವತ್ತಿನ ಅವಧಿಗೆ ತಾಗುವುದು’: ಕಾರ್ಯಕ್ರಮದ ಶುರು ಅವಧಿ ಮುಗಿಯುವುದಕ್ಕಿಂತ ಮೊದಲು, ಕೊನೆ ಅವಧಿ ಶುರುವಾದ ಮೇಲೆ. ತಾಗಿದ್ದನ್ನು ಅವಧಿಯ ಅಂಚಿಗೆ ಕತ್ತರಿಸಿ. ಭಾನುವಾರಕ್ಕೆ 6ರಿಂದ 6:30ರ ತುಂಡು ಉಳೀತದೆ. ರಾತ್ರಿ ಪೂರ್ತಿ ಕೂತು ಚೆಂಡೆ ಬಾರಿಸಿದವರಿಗೆ 6:30ಕ್ಕೆ ತರಗತಿ ಕೊಡುವ ಸ್ಕ್ರಿಪ್ಟ್ ಇರಬಾರದು ಅಂತ ನನ್ನ ಅಭಿಪ್ರಾಯ. ಮಧ್ಯರಾತ್ರಿ ದಾಟುವ ಕಾರ್ಯಕ್ರಮಕ್ಕೆ ಕೊನೆಯಲ್ಲಿ ಆರು ಗಂಟೆ ವಿಶ್ರಾಂತಿ ತಾನಾಗಿ ಸೇರಲಿ. ಪ್ರತಿ ಶನಿವಾರ ಅಂತ ಹಾಕಿದ ಸರಣಿಗೆ ಕೊನೆಯ ದಿನಾಂಕ ಕೊಟ್ಟಿದ್ದೀರಾ ನೋಡಿ. ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆಗೆ, ಅಂದರೆ ಮೇ 24ರ ಆಸುಪಾಸಿಗೆ, ನಿಲ್ಲಿಸದಿದ್ದರೆ ಮಳೆಗಾಲದ ಶನಿವಾರಗಳೆಲ್ಲ ಸುಮ್ಮನೆ ಬ್ಯುಸಿ ಆಗಿಯೇ ಉಳೀತವೆ.


ಕದ್ರಿಗುಡ್ಡೆ:

ಮೇಲಿನದ್ದೆಲ್ಲ ಸರಿ. ಆದರೆ ಗೂಗಲ್‌ನ ಎರಡು ಕ್ಯಾಲೆಂಡರಿಗೆ ಇಷ್ಟು ಕಷ್ಟ ಬೇಡ ಅಂತ ಕಾಣ್ತದೆ. ಗೂಗಲ್ ಕ್ಯಾಲೆಂಡರ್ ಎಪಿಐಯಲ್ಲಿ (ಪ್ರೋಗ್ರಾಮ್‌ಗಳು ಕ್ಯಾಲೆಂಡರನ್ನು ನೇರ ಕೇಳುವ ದಾರಿ) ಫ್ರೀಬ್ಯುಸಿ ಎಂಬ ಒಂದೇ ಪ್ರಶ್ನೆ ಸಾಕು. ಟೈಮ್‌ಮಿನ್, ಟೈಮ್‌ಮ್ಯಾಕ್ಸ್ ಮತ್ತು ಕ್ಯಾಲೆಂಡರ್ ಐಡಿಗಳ ಪಟ್ಟಿ ಕೊಡಿ, ಒಂದು ಸಲಕ್ಕೆ 50 ಕ್ಯಾಲೆಂಡರ್ ತನಕ ಆಗ್ತದೆ. ಉತ್ತರದಲ್ಲಿ ಬ್ಯುಸಿ ಇರುವ ಶುರು–ಕೊನೆ ಮಾತ್ರ ಬರ್ತದೆ. ಮರುಕಳಿಕೆ ಬಿಡಿಸಿಯೇ ಇರ್ತದೆ, ಫ್ರೀ ಅಂತ ಗುರುತಿಸಿದ್ದು ಸೇರಿರುವುದಿಲ್ಲ. ಸಮಯ ಕೊಡುವಾಗ ಕೊನೆಗೆ +05:30 ಹಾಕಲು ಮರೀಬೇಡಿ.

ಪೈಥಾನ್‌ನಿಂದ ಕರೆಯುವುದಾದರೆ ಒಂದು ಸಂಗತಿ ಗೊತ್ತಿರಲಿ. ಗೂಗಲ್ ಕ್ಲೌಡ್‌ನಲ್ಲಿ ನಿಮ್ಮ ಆ್ಯಪ್‌ನ ಕನ್ಸೆಂಟ್ ಸ್ಕ್ರೀನ್ ‘ಟೆಸ್ಟಿಂಗ್’ ಸ್ಥಿತಿಯಲ್ಲಿದ್ದರೆ ರಿಫ್ರೆಶ್ ಟೋಕನ್ (ಮತ್ತೆ ಮತ್ತೆ ಲಾಗಿನ್ ಕೇಳದಂತೆ ಇಟ್ಟುಕೊಳ್ಳುವ ಅನುಮತಿ ಚೀಟಿ) 7 ದಿನಕ್ಕೆ ಸಾಯ್ತದೆ. ವಾರಕ್ಕೊಮ್ಮೆ ಸ್ಕ್ರಿಪ್ಟ್ ನಿಂತು ಹೋಗುವುದಕ್ಕೆ ಹೆಚ್ಚಿನ ಸಲ ಇದೇ ಕಾರಣ. ಈ ತಲೆನೋವು ಬೇಡವಾದರೆ ಗೂಗಲ್‌ನೊಳಗೇ ಓಡುವ ಆ್ಯಪ್ಸ್ ಸ್ಕ್ರಿಪ್ಟ್‌ನಲ್ಲಿ ಬರೆಯಿರಿ. ಎಡಿಟರಿನ ಎಡಗಡೆ ‘ಸರ್ವೀಸಸ್’ ಪಕ್ಕದ ಪ್ಲಸ್ ಒತ್ತಿ ಕ್ಯಾಲೆಂಡರ್ ಎಪಿಐ ಸೇರಿಸಿದರೆ ಅದೇ ಫ್ರೀಬ್ಯುಸಿ ಅಲ್ಲಿಯೂ ಸಿಗ್ತದೆ. ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಟೈಮ್‌ಝೋನ್ ನೋಡಿ. ಅದು ಅಮೆರಿಕದ್ದಾಗಿದ್ದರೆ ಲೆಕ್ಕ ಸರಿ ಇದ್ದರೂ ಪ್ರಿಂಟ್ ಆಗುವ ಗಂಟೆ ತಪ್ಪು. ಬೆಳಿಗ್ಗೆ 6ಕ್ಕೆ ಓಡಲಿ ಅಂತ ಟ್ರಿಗರ್ ಇಟ್ಟರೆ 6ರಿಂದ 7ರ ಒಳಗೆ ಯಾವಾಗಲೋ ಓಡ್ತದೆ, ಹೊಡೆದ ಹಾಗೆ 6ಕ್ಕೆ ಅಲ್ಲ.

ಇನ್ನೊಂದು ಮಾತು. ಕ್ಯಾಲೆಂಡರ್ ಐಡಿ ತಪ್ಪಿದ್ದರೆ, ಅಥವಾ ಅನುಮತಿ ಇಲ್ಲದಿದ್ದರೆ, ಇಡೀ ಪ್ರಶ್ನೆ ವಿಫಲವಾಗುವುದಿಲ್ಲ. ಆ ಕ್ಯಾಲೆಂಡರಿನ ಕೆಳಗೆ ‘ಎರರ್ಸ್’ ಅಂತ ಬಂದು ‘ನಾಟ್‌ಫೌಂಡ್’ ಎಂಬ ಕಾರಣ ಇರ್ತದೆ. ಬ್ಯುಸಿ ಪಟ್ಟಿ ಮಾತ್ರ ನೋಡುವ ಕೋಡ್‌ಗೆ ಅದು ಪೂರ್ತಿ ಖಾಲಿ ಕ್ಯಾಲೆಂಡರ್ ಅಂತ ಕಾಣ್ತದೆ. ಎರರ್ಸ್ ಇದ್ದರೆ ಪಟ್ಟಿಯನ್ನೇ ಕೊಡದೆ ನಿಲ್ಲಿಸಿ.

ಸ್ಕ್ರಿಪ್ಟೇ ಬೇಡ ಎಂಬವರಿಗೆ ಗೂಗಲ್ ಕ್ಯಾಲೆಂಡರಿನ ‘ಅಪಾಯಿಂಟ್‌ಮೆಂಟ್ ಶೆಡ್ಯೂಲ್’ ಉಂಟು. ಉಚಿತ ಖಾತೆಯಲ್ಲೂ ಒಂದು ಬುಕಿಂಗ್ ಪುಟ ಸಿಗ್ತದೆ. ಎರಡು ಭೇಟಿಗಳ ನಡುವೆ ಬಫರ್, ದಿನಕ್ಕೆ ಗರಿಷ್ಠ ಎಷ್ಟು, ಕನಿಷ್ಠ ಎಷ್ಟು ಗಂಟೆ ಮೊದಲು ಕೇಳಬೇಕು ಅಂತೆಲ್ಲ ಇಡಬಹುದು. ಆನ್‌ಲೈನ್ ತರಗತಿಗೆ ಧಾರಾಳ ಸಾಕು.


ಮಣಿಪಾಲ_ಪೈಥಾನ್:

ಕದ್ರಿಗುಡ್ಡೆಯವರು ಹೇಳಿದ ದಾರಿ ಚೊಕ್ಕ, ಒಪ್ಪಿದೆ. ಆದರೆ ಕಾಪು_ದೀಪ ಅವರ ಎರಡನೇ ಪ್ರಶ್ನೆಗೆ ಅದು ಉತ್ತರ ಕೊಡುವುದಿಲ್ಲ. ಫ್ರೀಬ್ಯುಸಿಯಲ್ಲಿ ಜಾಗದ ವಿವರ ಬರುವುದಿಲ್ಲ, ಜಾಗ ಗೊತ್ತಿಲ್ಲದೆ ಪ್ರಯಾಣದ ಲೆಕ್ಕ ಇಲ್ಲ.

ಎಲ್ಲ ಕಾರ್ಯಕ್ರಮಕ್ಕೂ ಹಿಂದೆ ಮುಂದೆ ಒಂದೇ ಬಫರ್ ಅಂಟಿಸುವುದು ಈ ಊರುಗಳಿಗೆ ಹೊಂದುವುದಿಲ್ಲ. ಒಂದೂವರೆ ಗಂಟೆ ಇಟ್ಟರೆ ಮನೆಯಲ್ಲೇ ಕೂತು ಮಾಡುವ ಎರಡು ಆನ್‌ಲೈನ್ ತರಗತಿಗಳ ನಡುವೆ ಮೂರು ಗಂಟೆ ಹಾಳು. ಹದಿನೈದು ನಿಮಿಷ ಇಟ್ಟರೆ ಮಂಗಳೂರಿನ ಆಫೀಸಿನಿಂದ ಉಡುಪಿಗೆ ಹಾರಿ ಬರಬೇಕು. ಬಿಡುವು ಎಷ್ಟು ಎನ್ನುವುದು ಹೊಸ ತರಗತಿ ಎಲ್ಲಿ ನಡೀತದೆ ಎಂಬುದರ ಮೇಲೆ ನಿಂತಿದೆ. ಹಾಗಾಗಿ ಸ್ಕ್ರಿಪ್ಟಿಗೆ ಅವಧಿಯ ಜೊತೆ ಜಾಗವನ್ನೂ ಕೊಡಿ: ‘45 ನಿಮಿಷ, ಉಡುಪಿ’ ಅಥವಾ ‘45 ನಿಮಿಷ, ಆನ್‌ಲೈನ್’.

ಜಾಗದಿಂದ ಜಾಗಕ್ಕೆ ಬೇಕಾದ ನಿಮಿಷಗಳ ಒಂದು ಸಣ್ಣ ಕೋಷ್ಟಕ ಸಾಕು, ಮ್ಯಾಪ್ ಎಪಿಐಗೆ ಹೋಗಬೇಡಿ. ಮಂಗಳೂರು–ಉಡುಪಿ ಬಸ್ಸಿಗೆ 90, ಉಡುಪಿ–ಮಣಿಪಾಲ 25, ಕಾಪು–ಉಡುಪಿ 35, ಹಂಪನಕಟ್ಟೆ–ಸುರತ್ಕಲ್ 50 ಅಂತ ಇಟ್ಟು ಶುರು ಮಾಡಿ, ನಿಮ್ಮ ಅನುಭವದ ಮೇಲೆ ತಿದ್ದಿ. ಸಂಜೆ ಮಂಗಳೂರಿನ ನಂತೂರು, ಕೂಳೂರಿನ ಕಡೆ ಸಿಕ್ಕಿಕೊಳ್ಳುವ ಹೊತ್ತಿಗೆ, ಅಂದರೆ 5ರಿಂದ 8ರ ಒಳಗೆ ಹೊರಡುವುದಾದರೆ, 20 ಸೇರಿಸಿ. ಜೂನ್‌ನಿಂದ ಸೆಪ್ಟೆಂಬರ್ ಮತ್ತೆ 15.

ಲೆಕ್ಕ ಹೀಗೆ. ಆಫೀಸು ಸಂಜೆ 5:30ಕ್ಕೆ ಮುಗೀತದೆ, ರಾತ್ರಿ 8:30ಕ್ಕೆ ದೋಹಾದ ಆನ್‌ಲೈನ್ ತರಗತಿ ಕಾಪುವಿನ ಮನೆಯಿಂದ. ನಡುವೆ ಮೂರು ಗಂಟೆ ಉಂಟು. ಉಡುಪಿಯಲ್ಲಿ ಹೊಸ ತರಗತಿ ಕೇಳಿದರೆ ಮೊದಲಿನ ಪ್ರಯಾಣ 90 ಮತ್ತು 20, ಅಂದರೆ 7:20ಕ್ಕೆ ಉಡುಪಿ. ಹಿಂದೆ ಬರಲು 35 ಬೇಕು. ಉಡುಪಿಯಿಂದ 8ರ ಒಳಗೆ ಹೊರಟರೂ ಆ ಇಪ್ಪತ್ತು ಇಲ್ಲಿಗೆ ಬೇಡ, ಅದು ಮಂಗಳೂರು ಬದಿಯ ಜಂಕ್ಷನ್‌ಗಳಿಗೆ ಮಾತ್ರ. ಹಾಗಾಗಿ 7:55ಕ್ಕೆ ಹೊರಡಬೇಕು. ಉಳಿದದ್ದು 35 ನಿಮಿಷ, 45 ಹಿಡಿಯುವುದಿಲ್ಲ, ಸ್ಲಾಟ್ ಇಲ್ಲ. ಅದೇ ಆನ್‌ಲೈನ್ ಆದರೆ ಆಫೀಸಿನಿಂದ ಕಾಪುವಿಗೆ 60 ಮತ್ತು 20 ಇಟ್ಟು 6:50ರಿಂದ 8:30ರವರೆಗೆ ನೂರು ನಿಮಿಷ ಸಿಗ್ತದೆ.

ಇದಕ್ಕಾಗಿ ಕೂಡಿಸುವಾಗ ಜಾಗವನ್ನು ಕಳಕೊಳ್ಳಬಾರದು. ಕೂಡಿಸಿದ ಬ್ಯುಸಿ ತುಂಡಿಗೆ ಎರಡು ಜಾಗ ಇಡಿ: ಮೊದಲು ಶುರುವಾದ ಕಾರ್ಯಕ್ರಮದ್ದು ಮತ್ತು ಕೊನೆಗೆ ಮುಗಿಯುವುದರದ್ದು. ಲೊಕೇಶನ್ ಖಾಲಿ ಇದ್ದರೆ ಆ ಕ್ಯಾಲೆಂಡರಿಗೆ ಒಂದು ಡೀಫಾಲ್ಟ್ ಜಾಗ ಕೊಡಿ, ಆಫೀಸಿನದ್ದಕ್ಕೆ ಮಂಗಳೂರು.

ಪ್ರಯಾಣ ಕಳೆದ ಮೇಲೆ ಶುರುವನ್ನು ಮುಂದಿನ ಕಾಲು ಗಂಟೆಗೆ ಏರಿಸಿ, 6:50 ಇದ್ದದ್ದು 7:00. ಕನಿಷ್ಠ 45 ನಿಮಿಷ ಇದೆಯಾ ಅಂತ ನೋಡುವುದು ಏರಿಸಿದ ಮೇಲೆ.


ಪಡುಬಿದ್ರೆ_ಗಾಳಿ:

ನಡುವೆ ಒಂದು ಪ್ರಶ್ನೆ. ಹೊಸ ವಿದ್ಯಾರ್ಥಿಯ ಮೊದಲ ಪಾಠಕ್ಕೆ ರಾಹುಕಾಲ ಬಿಟ್ಟು ಸಮಯ ಕೇಳುವ ಮನೆಗಳು ಸುಮಾರು ಉಂಟು. ಅದನ್ನು ಸೇರಿಸಬಹುದಾ?


ಕದ್ರಿಗುಡ್ಡೆ:

ಆಗ್ತದೆ. ‘ರಾಹುಕಾಲ’ ಅಂತ ಬೇರೆಯೇ ಕ್ಯಾಲೆಂಡರ್ ಮಾಡಿ ವಾರಕ್ಕೊಮ್ಮೆ ಮರುಕಳಿಸುವ ಏಳು ಕಾರ್ಯಕ್ರಮ ಹಾಕಿ. ಹಗಲು 6ರಿಂದ 6 ಅಂತ ಹಿಡಿದರೆ ಸೋಮ 7:30–9, ಮಂಗಳ 3–4:30, ಬುಧ 12–1:30, ಗುರು 1:30–3, ಶುಕ್ರ 10:30–12, ಶನಿ 9–10:30, ಭಾನು 4:30–6. ಮೊದಲ ಪಾಠ ಹುಡುಕುವಾಗ ಮಾತ್ರ ಈ ಕ್ಯಾಲೆಂಡರನ್ನು ಸೇರಿಸಿ, ಉಳಿದಂತೆ ಬಿಡಿ.

ಪಂಚಾಂಗದ ಪ್ರಕಾರವೇ ಬೇಕಾದರೆ ಸೂರ್ಯೋದಯದಿಂದ ಅಸ್ತದವರೆಗಿನ ಹೊತ್ತನ್ನು ಎಂಟು ಪಾಲು ಮಾಡಿ. ಸೋಮವಾರಕ್ಕೆ ಎರಡನೇ ಪಾಲು, ಶನಿ ಮೂರು, ಶುಕ್ರ ನಾಲ್ಕು, ಬುಧ ಐದು, ಗುರು ಆರು, ಮಂಗಳ ಏಳು, ಭಾನು ಎಂಟು. ಉದಯ 6:56, ಅಸ್ತ 6:20 ಇರುವ ಚಳಿಗಾಲದ ಒಂದು ಸೋಮವಾರ ಹಿಡಿಯಿರಿ: ಹಗಲು 684 ನಿಮಿಷ, ಒಂದು ಪಾಲು 85 ನಿಮಿಷ 30 ಸೆಕೆಂಡ್, ರಾಹುಕಾಲ ಸುಮಾರು 8:21ರಿಂದ 9:47. ಏಳೂವರೆ–ಒಂಬತ್ತಕ್ಕೂ ಇದಕ್ಕೂ ಎಷ್ಟು ದೂರ ನೋಡಿ. ಕೇಳುವವರು ಯಾವ ಲೆಕ್ಕ ಪಾಲಿಸ್ತಾರೆ ಅಂತ ಮೊದಲು ವಿಚಾರಿಸಿಕೊಳ್ಳುವುದು ಒಳ್ಳೆಯದು.


ಕಾಪು_ದೀಪ:

ಐದೂ ತಪ್ಪು ಹೋದವು, ಜಾಗದ ಕೋಷ್ಟಕವೂ ಕೆಲಸ ಮಾಡ್ತಾ ಉಂಟು. ತುಂಬ ಉಪಕಾರ ಆಯ್ತು ಇಬ್ಬರಿಗೂ. ಉಳಿದದ್ದು ಔಟ್‌ಲುಕ್ ಕ್ಯಾಲೆಂಡರ್ ಮಾತ್ರ. ಅದರಲ್ಲಿ ಟೈಮ್‌ಝೋನ್ ‘ಇಂಡಿಯಾ ಸ್ಟ್ಯಾಂಡರ್ಡ್ ಟೈಮ್’ ಅಂತ ಬಂದು ಝೋನ್‌ಇನ್ಫೊ ಎರರ್ ಕೊಡ್ತದೆ. ಮತ್ತೆ ಕೆಲವು ದಿನ ಬೆಳಿಗ್ಗೆ ಓಡಿಸಿದಾಗ ಆಫೀಸಿನ ಇಡೀ ವಾರ ಖಾಲಿ ಅಂತ ಬರ್ತದೆ, ಅರ್ಧ ಗಂಟೆ ಬಿಟ್ಟು ಓಡಿಸಿದರೆ ಸರಿ ಇರ್ತದೆ. ಗೂಗಲ್‌ಗೆ ಆ ಲಿಂಕನ್ನು ಸಬ್‌ಸ್ಕ್ರೈಬ್ ಮಾಡಿ ಅಲ್ಲಿಂದ ಓದಿದರೆ ಒಳ್ಳೆಯದಾ?


ನೇತ್ರಾವತಿ_ತೀರ:

ಸಬ್‌ಸ್ಕ್ರೈಬ್ ಬೇಡ. ಲಿಂಕ್ ಮೂಲಕ ಸೇರಿಸಿದ ಕ್ಯಾಲೆಂಡರನ್ನು ಗೂಗಲ್ ತನಗೆ ಬೇಕಾದಾಗ ಓದ್ತದೆ, ಬದಲಾವಣೆ ಕಾಣಲು 12 ಗಂಟೆಯವರೆಗೂ ಆಗಬಹುದು. ಬೆಳಿಗ್ಗೆ ಹಾಕಿದ ಮೀಟಿಂಗ್ ಸಂಜೆಯ ಪಟ್ಟಿಗೆ ಬಾರದೆ ಇರಬಹುದು. ಈಗಿನ ಹಾಗೆ ಸ್ಕ್ರಿಪ್ಟಿನಿಂದಲೇ ನೇರ ಇಳಿಸಿಕೊಳ್ಳಿ.

ಟೈಮ್‌ಝೋನ್ ಹೆಸರು ವಿಂಡೋಸ್‌ನ ಪದ್ಧತಿಯದ್ದು. ನೀವೇ ಆ ಹೆಸರನ್ನು ತೆಗೆದು ಝೋನ್‌ಇನ್ಫೊಗೆ ಕೊಡುವ ಬದಲು ಐಕ್ಯಾಲೆಂಡರ್ ಲೈಬ್ರರಿ ಓದಿ ಕೊಟ್ಟ ಸಮಯವನ್ನೇ ಬಳಸಿ. ವಿಂಡೋಸ್ ಹೆಸರುಗಳ ಪಟ್ಟಿ ಅದರೊಳಗೇ ಉಂಟು. ಔಟ್‌ಲುಕ್ ಫೈಲಿನಲ್ಲಿ ಟ್ರಾನ್ಸ್‌ಪ್ ಜೊತೆಗೆ ಮೈಕ್ರೋಸಾಫ್ಟ್‌ನದ್ದೇ ಬ್ಯುಸಿಸ್ಟೇಟಸ್ ಸಾಲೂ ಇರ್ತದೆ, ಅದರಲ್ಲಿ ಫ್ರೀ, ಟೆಂಟೆಟಿವ್, ಬ್ಯುಸಿ, ಒಒಎಫ್ ಅಂತ ಬರಬಹುದು. ಒಒಎಫ್ ಅಂದರೆ ಆಫೀಸಿನಲ್ಲಿ ಇಲ್ಲ ಅಂತ. ಇಲ್ಲಿ ಒಂದು ಸೂಕ್ಷ್ಮ: ಆಫೀಸಿಗೆ ರಜೆ ಹಾಕಿದ ದಿನ ತರಗತಿಗೆ ಬಿಡುವಾ, ಅಲ್ಲವಾ? ಅದು ನೀವು ನಿರ್ಧರಿಸಬೇಕು, ಸ್ಕ್ರಿಪ್ಟಿಗೆ ಗೊತ್ತಾಗುವುದಿಲ್ಲ. ಪಬ್ಲಿಶ್ ಮಾಡುವಾಗ ‘ಬ್ಯುಸಿ ಇರುವಾಗ ಮಾತ್ರ ಕಾಣಲಿ’ ಎಂಬ ಹಂತವೇ ನಿಮಗೆ ಸಾಕು. ಆಫೀಸಿನ ಮೀಟಿಂಗಿನ ಹೆಸರುಗಳು ಹೊರಗಿನ ಲಿಂಕಿನಲ್ಲಿ ಇರುವುದು ಬೇಡ. ಜಾಗ ಹೇಗೂ ಡೀಫಾಲ್ಟ್ ಮಂಗಳೂರು.

ಇಡೀ ವಾರ ಖಾಲಿ ಬರುವುದು ಇದರಲ್ಲೆಲ್ಲ ಅಪಾಯದ್ದು. ಲಿಂಕ್ ಆ ಹೊತ್ತಿಗೆ ಉತ್ತರ ಕೊಡದೆ ಇದ್ದಿರಬೇಕು, ಅಥವಾ ಐಸಿಎಸ್ ಬದಲು ಒಂದು ಎಚ್‌ಟಿಎಂಎಲ್ ಪುಟ ಕೊಟ್ಟಿರಬೇಕು. ನಿಮ್ಮ ಕೋಡ್ ಎರರ್ ನುಂಗಿ ‘ಕಾರ್ಯಕ್ರಮ ಇಲ್ಲ’ ಅಂತ ಮುಂದುವರಿದಿದೆ. ಎಲ್ಲಿಯಾದರೂ ಟ್ರೈ ಹಾಕಿ ಖಾಲಿ ಪಟ್ಟಿ ಹಿಂದಿರುಗಿಸುವ ಸಾಲು ಉಂಟಾ ನೋಡಿ, ಇದ್ದರೆ ಮೊದಲು ಅದನ್ನು ತೆಗೆಯಿರಿ. ಇಳಿಸಿದ ಮೇಲೆ ಮೂರು ಪರೀಕ್ಷೆ ಮಾಡಿ: ಎಚ್‌ಟಿಟಿಪಿ ಸ್ಥಿತಿ 200 ಇರಬೇಕು, ಮೊದಲ ಸಾಲು ‘ಬಿಗಿನ್:ವಿಕ್ಯಾಲೆಂಡರ್’ ಇರಬೇಕು, ಕೊನೆಯ ಸಾಲು ‘ಎಂಡ್:ವಿಕ್ಯಾಲೆಂಡರ್’ ಇರಬೇಕು. ಕೊನೆಯದ್ದು ಅರ್ಧಕ್ಕೆ ತುಂಡಾದ ಫೈಲನ್ನು ಹಿಡೀತದೆ. ಮೂರೂ ಸರಿ ಬಂದರೆ ಮಾತ್ರ ಹಳೆಯ ಪ್ರತಿಯ ಮೇಲೆ ಬರೆಯಿರಿ. ಇಲ್ಲವಾದರೆ ಹಳೆಯ ಪ್ರತಿಯನ್ನೇ ಬಳಸಿ, ಪಟ್ಟಿಯ ತಲೆಯಲ್ಲಿ ‘ಆಫೀಸು: ನಿನ್ನೆ ರಾತ್ರಿ 9:10ರ ಪ್ರತಿ’ ಅಂತ ಹಾಕಿ. ಹಳೆಯದ್ದು 24 ಗಂಟೆ ದಾಟಿದರೆ ಪಟ್ಟಿಯೇ ಬೇಡ.

ವಾಟ್ಸಾಪಿಗೆ ಹಾಕುವಾಗ ದುಬೈಯವರಿಗೆ ಒಂದೂವರೆ ಗಂಟೆ, ದೋಹಾದವರಿಗೆ ಎರಡೂವರೆ ಗಂಟೆ ಕಳೆದು ಅವರ ಗಡಿಯಾರದ ಸಮಯವನ್ನೇ ಬರೆದು ಕಳಿಸಿ. ನಮ್ಮ ರಾತ್ರಿ 7 ಅಂದರೆ ದುಬೈಗೆ 5:30, ದೋಹಾಕ್ಕೆ 4:30. ಒಂದು ಪಟ್ಟಿಯಲ್ಲಿ ಎಲ್ಲ ಸ್ಲಾಟ್ ಕೊಡಬೇಡಿ, ಮೂರು ಸಾಕು. ಕಳಿಸಿದ ಮೂರನ್ನೂ ಸ್ಕ್ರಿಪ್ಟ್ ತಾನಾಗಿ ‘ಹೋಲ್ಡ್’ ಎಂಬ ನಾಲ್ಕನೇ ಕ್ಯಾಲೆಂಡರಿಗೆ ಬ್ಯುಸಿ ಅಂತ ಬರೆಯಲಿ, ಇಲ್ಲದಿದ್ದರೆ ಮುಂದಿನವರಿಗೂ ಅವೇ ಮೂರು ಹೋಗ್ತವೆ. ಯಾರಿಗೆ ಕಳಿಸಿದ್ದು, ಯಾವಾಗ ಎಂಬುದು ವಿವರಣೆಯಲ್ಲಿರಲಿ. ಒಂದು ಒಪ್ಪಿದ ಕೂಡಲೇ ಉಳಿದೆರಡು ಅಳಿಸಿ, ಉತ್ತರ ಬಾರದಿದ್ದರೆ 24 ಗಂಟೆಗೆ ಮೂರೂ ಅಳಿಯಲಿ. ಹೋಲ್ಡ್ ಬರೆಯಲು ಐಸಿಎಸ್ ಲಿಂಕ್ ಸಾಲದು, ಅದು ಓದಲಿಕ್ಕೆ ಮಾತ್ರ. ಕದ್ರಿಗುಡ್ಡೆಯವರು ಹೇಳಿದ ಆ್ಯಪ್ಸ್ ಸ್ಕ್ರಿಪ್ಟ್ ಇಲ್ಲಿ ಉಪಯೋಗಕ್ಕೆ ಬರ್ತದೆ.

ಗೂಗಲ್‌ನ ‘ಸೀಕ್ರೆಟ್ ಅಡ್ರೆಸ್’ ಲಿಂಕ್ ಯಾರ ಕೈಗೆ ಸಿಕ್ಕಿದರೂ ಪಾಸ್‌ವರ್ಡ್ ಇಲ್ಲದೆ ಇಡೀ ಕ್ಯಾಲೆಂಡರ್ ಓದಬಹುದು. ಅದನ್ನು ಕೋಡ್ ಒಳಗೆ ಬರೆದು ಗಿಟ್‌ಹಬ್‌ಗೆ ಏರಿಸಿದ್ದರೆ ಬ್ರೌಸರಿನಲ್ಲಿ ಸೆಟ್ಟಿಂಗ್ಸ್ ತೆರೆದು, ಎಡಗಡೆ ಕ್ಯಾಲೆಂಡರಿನ ಹೆಸರು ಒತ್ತಿ, ‘ಇಂಟಿಗ್ರೇಟ್ ಕ್ಯಾಲೆಂಡರ್’ ಕೆಳಗಿನ ರೀಸೆಟ್ ಮಾಡಿ. ಮೊಬೈಲ್ ಆ್ಯಪಿನಲ್ಲಿ ಆ ಜಾಗ ಸಿಗುವುದಿಲ್ಲ. ಹಳೆಯ ಲಿಂಕ್ ಅಲ್ಲಿಗೆ ನಿಲ್ತದೆ. ಹೊಸದನ್ನು ಬೇರೆ ಕಾನ್ಫಿಗ್ ಫೈಲಿನಲ್ಲಿಟ್ಟು ಆ ಫೈಲಿನ ಹೆಸರನ್ನು ಗಿಟ್‌ಇಗ್ನೋರ್‌ಗೆ, ಅಂದರೆ ಏರಿಸಬಾರದ ಫೈಲುಗಳ ಪಟ್ಟಿಗೆ, ಸೇರಿಸಿ.